ಎಡಗಾಲಿನ ಸಾಕ್ಷಿ

ಕಾಲಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಎಲ್ಲರ ಕಾಲೂ ಮಾತಾಡುವಂತೆ ಶಾಂತವೀರಪ್ಪನ ಎಡಗಾಲೂ ಮಾತಾಡತೊಡಗಿತ್ತು. ದಾವಣಗೆರೆಯ ಹೋಟೆಲಿನಲ್ಲಿ ಜೀವಮಾನವಿಡೀ ದೋಸೆ ಕಾವಲಿಯ ಮುಂದೆ ನಿಂತ ಕಾಲು ಅದು, ಬಾಯಿ ಸ್ವಲ್ಪ ಜೋರು. ಮರುತಪಾಸಣೆಯ ದಿನ ಬೆಳಿಗ್ಗೆ ಅವನು ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, "ಡಾಕ್ಟರ ಮುಂದೆ ಮರ್ಯಾದೆ ಉಳಿಸಪ್ಪಾ" ಎಂದು ಬೇಡಿಕೊಂಡಿದ್ದ.

ಡಾಕ್ಟರ್ ಸಬೀಹಾ ಪಾದದ ನಾಡಿ ನೋಡಿ, ವಾಡಿಕೆಯಂತೆ ಕಾಲನ್ನೇ ಕೇಳಿದರು. "ಮಾತ್ರೆ ತಗೋತಾರಾ?"

"ತಪ್ಪಿಸಲ್ಲ," ಎಂದಿತು ಕಾಲು.

"ದಿನಾ ನಡೀತಾರಾ?"

"ನಡೀತಾರೆ."

ಶಾಂತವೀರಪ್ಪ ನಿರಾಳವಾಗಿ ಉಸಿರುಬಿಟ್ಟ.

"ಬೀಡಿ?"

ಕಾಲು ಹೆಬ್ಬೆರಳು ಮಡಚಿಕೊಂಡು, "ನಡೆಯೋದೇ ಬೀಡಿ ಅಂಗಡಿ ತನಕ," ಎಂದುಬಿಟ್ಟಿತು.

ಪಕ್ಕದಲ್ಲಿದ್ದ ಹೆಂಡತಿ ನೀಲಮ್ಮ ತಿರುಗಿ ನೋಡಿದ ರಭಸಕ್ಕೆ ಅವನು ಕುರ್ಚಿಯಲ್ಲೇ ಕುಗ್ಗಿದ.

"ಹೀಗೇ ಸೇದಿದರೆ ರಕ್ತನಾಳ ಮತ್ತೆ ಕಟ್ಟಿಕೊಳ್ಳುತ್ತೆ. ಆಮೇಲೆ ಕಾಲನ್ನೇ ಕತ್ತರಿಸಬೇಕಾದೀತು," ಎಂದರು ಡಾಕ್ಟರು.

"ಕತ್ತರಿಸೋದಾದ್ರೆ ಇವರನ್ನ ಕತ್ತರಿಸಿ ಡಾಕ್ಟ್ರೇ! ನಾನೇನು ಸೇದಿದೆನಾ?" ಎಂದು ಕಾಲು ಗೊಳೋ ಎಂದು ಅತ್ತಿತು. ಬಿಕ್ಕುತ್ತಿದ್ದ ಮೊಣಕಾಲನ್ನು ಹಿಡಿದುಕೊಂಡಾಗ ಶಾಂತವೀರಪ್ಪನಿಗೆ ನಿಜಕ್ಕೂ ಭಯವಾಯಿತು. ಜೇಬಿನಿಂದ ಬೀಡಿ ಕಟ್ಟು ತೆಗೆದು ಮೇಜಿನ ಮೇಲಿಟ್ಟು, "ಇನ್ನು ಮುಟ್ಟಲ್ಲ ಮಾರಾಯ, ಅಳಬೇಡ," ಎಂದ.

ಹೊರಗೆ ಬೆಂಚಿನ ಮೇಲೆ ಕೂತು ಕಾಲಿನ ಅಳು ಕೇಳಿಸಿಕೊಂಡಿದ್ದ ಹೆಂಗಸೊಬ್ಬಳು ನೀಲಮ್ಮನ ಕೆಂಡದಂಥ ಮುಖ ನೋಡಿ ನಿಟ್ಟುಸಿರಿಟ್ಟಳು. "ನೀವೇ ಪುಣ್ಯವಂತರು ಕಣ್ರೀ, ಸ್ಟೆಂಟ್ ಕಾಲಿಗೆ ಹಾಕಿದ್ದಾರೆ. ನಮ್ಮೆಜಮಾನರಿಗೆ ಹಾಕಿರೋದು ಹೃದಯಕ್ಕೆ. ಅವತ್ತಿನಿಂದ ಅದು ಸರೋಜಿನಿ, ಸರೋಜಿನಿ ಅಂತಿದೆ. ನನ್ನ ಹೆಸರು ಗಿರಿಜಾ."