ಗ್ರೂಪಿಗೆ ಬಂದ ಹೆಬ್ಬೆರಳು

ಕೈಯಲ್ಲಿ ಚಹಾ ಇದ್ದರೆ ಮೊದಲು ಕುಡಿದು ಮುಗಿಸಿ... ಆಮೇಲೆ ಓದಿ. ಇಲ್ಲದಿದ್ದರೆ ಆರಿ ಹೋದೀತು.

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುವ ಒಂದು ಕಂಪನಿ. ಅದರ ಮ್ಯಾನೇಜರ್ ಅರವಿಂದ ಹಂಚಿನಾಳ. ಶಿಸ್ತು ಅಂದರೆ ಅವರದೇ ನೋಡಿ!

ನಸುಕಿನಲ್ಲೇ ಏಳುವುದು, ವಾಕಿಂಗ್, ಎಲ್ಲರಿಗಿಂತ ಮೊದಲು ಆಫೀಸು... ಒಂದು ದಿನವೂ ತಪ್ಪಿಸಿದವರಲ್ಲ. ಬೇರೆ ಬ್ರಾಂಚಿನವರು ಅವರನ್ನು ಕರೆಸಿ ಒಳ್ಳೆಯ ಅಭ್ಯಾಸಗಳ ಬಗ್ಗೆ ಭಾಷಣ ಮಾಡಿಸುತ್ತಿದ್ದರು.

ಅವರ ದೊಡ್ಡ ಹೆಮ್ಮೆ ಆಫೀಸಿನ ವಾಟ್ಸಾಪ್ ಗ್ರೂಪು. ಅದಕ್ಕೆ ಅವರದು ಒಂದೇ ನಿಯಮ.

"ಗ್ರೂಪಿನ್ಯಾಗ ಹರಟಿ ಬ್ಯಾಡ. ಮೆಸೇಜ್ ನೋಡಿದ್ರ ಹೆಬ್ಬಟ್ಟು ಒತ್ರಿ, ಕೆಲಸಕ್ಕ ಹೋಗ್ರಿ. ಟೈಮ್ ಉಳೀತೈತಿ."

ಅವರೂ ಹಾಗೇ. ಸ್ಟಾಕ್ ಬಂತು... 👍. ಲಾರಿ ಹೊರಟಿತು... 👍.

ಸುಳ್ಳು ಯಾಕೆ ಹೇಳಲಿ, ಲಾಭವೂ ಬಂತು. ಆದರೆ ಅವರು ಒಳಗೆ ಕಾಲಿಟ್ಟರೆ ನಗು ನಿಲ್ಲುತ್ತಿತ್ತು. ಊಟ ಕ್ಯಾಬಿನ್ನಿನಲ್ಲಿ, ಒಬ್ಬರೇ.

ಮಕ್ಕಳಿರಲಿಲ್ಲ. ಅವರ ಜೊತೆ ಮನಸ್ಸು ಬಿಚ್ಚಿ ಮಾತಾಡುವ ಜೀವ ಅಂದರೆ ಹೆಂಡತಿ ಸುನಂದಾ ಮಾತ್ರ.

ಒಂದು ದಿನ ಬೆಳಗ್ಗೆ ಆ ಸುನಂದಾ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದರು...

"ಈಗಲೇ ಹಾರ್ಟ್ ಆಪರೇಷನ್ ಆಗಬೇಕ್ರಿ. ಗ್ಯಾರಂಟಿ ಕೊಡಾಕ ಆಗಂಗಿಲ್ಲ" ಅಂದರು ಡಾಕ್ಟರು.

ನರ್ಸ್ ಬಂದು ಸುನಂದಾ ಅವರ ಬಳೆ, ತಾಳಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇವರ ಕೈಗೆ ಕೊಟ್ಟು ಹೋದಳು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು.

ಫೋನ್ ತೆಗೆದರು. ನಂಬರುಗಳಿಗೇನು ಕಮ್ಮಿ? ಆದರೆ "ನನಗ ಹೆದರಿಕಿ ಆಗಾಕತ್ತೈತಿ, ಬಾ" ಅನ್ನುವಷ್ಟು ಸಲಿಗೆ ಯಾರ ಜೊತೆಗೂ ಇರಲಿಲ್ಲ.

ಕೊನೆಗೆ ಆಫೀಸಿನ ಗ್ರೂಪಿಗೇ ಬರೆದರು. "ನನ್ನ ಹೆಂಡತಿ ಸುನಂದಾಗೆ ಹಾರ್ಟ್ ಆಪರೇಷನ್ ನಡೆಯುತ್ತಿದೆ. ಸ್ಟೇಷನ್ ರಸ್ತೆಯ ಆಸ್ಪತ್ರೆಯಲ್ಲಿದ್ದೇನೆ. ಇವತ್ತು ಆಫೀಸಿಗೆ ಬರುವುದಿಲ್ಲ."

ತಕ್ಷಣ ಉತ್ತರ ಬಂತು.

👍

ಮತ್ತೊಂದು. ಮಗದೊಂದು...

ಯಾರೂ ನಿಯಮ ಮುರಿದಿರಲಿಲ್ಲ. ಸಾಹೇಬರು ಕಲಿಸಿದ್ದನ್ನೇ ಮಾಡಿದ್ದರು.

ಹಂಚಿನಾಳರು ಆ ಕವರನ್ನು ಎದೆಗೆ ಒತ್ತಿಕೊಂಡು ಅತ್ತರು. ಇಷ್ಟು ದೊಡ್ಡ ಊರಿನಲ್ಲಿ ನನಗೆ ಅಂತ ಒಬ್ಬರೂ ಇಲ್ಲವಲ್ಲ ಅಂತ ಅತ್ತರು.

ಸ್ವಲ್ಪ ಹೊತ್ತಿಗೆ ಯಾರೋ ಬಂದು ಪಕ್ಕದಲ್ಲಿ ಕೂತರು. ಬಿಲ್ಲಿಂಗ್ ಸೆಕ್ಷನ್ನಿನ ಶಕುಂತಲಾ ಮುಳಗುಂದ. ಕೈಯಲ್ಲಿ ಚಹಾದ ಫ್ಲಾಸ್ಕು.

"ಆಫೀಸ್ ಬಿಟ್ಟು ಯಾಕ ಬಂದ್ರಿ?"

"ಹೆಬ್ಬಟ್ಟು ಒತ್ತಾಕ ಮನಸ್ಸು ಬರಲಿಲ್ರಿ ಸರ್."

ಆಮೇಲೆ ಆಕೆ ನೇರವಾಗಿಯೇ ಹೇಳಿದರು. "ಖರೇ ಹೇಳ್ತೀನ್ರಿ, ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ. ಹೋದ ವರ್ಷ ಇದೇ ಗ್ರೂಪಿನ್ಯಾಗ ಹಾಕಿದ್ದೆ... ನಮ್ಮವ್ವ ತೀರಿಕೊಂಡ್ಲು, ರಜಾ ಬೇಕು ಅಂತ. ನೀವು ಹೆಬ್ಬಟ್ಟು ಒತ್ತಿದ್ರಿ."

ಹಂಚಿನಾಳರಿಗೆ ಅದು ನೆನಪೇ ಇರಲಿಲ್ಲ. ಆ ಮರೆವೇ ಅವರನ್ನು ಹೆಚ್ಚು ಚುಚ್ಚಿತು.

"ಮತ್ತ... ಯಾಕ ಬಂದಿ ತಂಗಿ?"

"ಅವ್ವನ ಹೆಣದ ಮುಂದ ಕುಂತು ಆ ಹೆಬ್ಬಟ್ಟು ನೋಡಿದಾಗ ಹೆಂಗಾತು ಅಂತ ನನಗಷ್ಟ ಗೊತ್ತು. ಅದು ನಿಮಗೂ ಬ್ಯಾಡ ಅನಿಸ್ತ್ರಿ."

ಚಹಾ ಬಗ್ಗಿಸಿ ಕೊಟ್ಟರು. ಹಂಚಿನಾಳರು ಕವರನ್ನು ಮಡಿಲಲ್ಲಿಟ್ಟು ಕಪ್ಪು ತೆಗೆದುಕೊಂಡರು.

ಚಹಾ ಮುಗಿಸಿ ಹಂಚಿನಾಳರು ಕೇಳಿದರು. "ನಿಮ್ಮ ಅವ್ವನ ಹೆಸರು ಏನವಾ?"

"ಪಾರವ್ವ ರೀ..." ಅಂದು ಶಕುಂತಲಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಫೀಸಿನವರು ಯಾರೂ ಇದುವರೆಗೆ ಆ ಹೆಸರು ಕೇಳಿರಲಿಲ್ಲ.

ಸುನಂದಾ ಉಳಿದರು. ದೇವರು ದೊಡ್ಡವನು.

ಹಂಚಿನಾಳರು ಈಗಲೂ ನಸುಕಿನಲ್ಲೇ ಏಳುತ್ತಾರೆ, ಮೊದಲೇ ಆಫೀಸಿಗೆ ಬರುತ್ತಾರೆ. ಆದರೆ ಫೋನ್ ಮುಟ್ಟುವ ಮೊದಲು ಪ್ರತಿ ಟೇಬಲ್ಲಿಗೂ ಹೋಗಿ, "ಮನ್ಯಾಗ ಎಲ್ಲಾರೂ ಹೆಂಗದಾರ?" ಅಂತ ಕೇಳುತ್ತಾರೆ. ಉತ್ತರ ಮುಗಿಯುವವರೆಗೂ ನಿಲ್ಲುತ್ತಾರೆ.

ಮೊದಮೊದಲು "ಆರಾಮ್ರಿ ಸರ್" ಅಂದು ಎಲ್ಲರೂ ಕಂಪ್ಯೂಟರ್ ಕಡೆ ಮುಖ ತಿರುಗಿಸಿದರು. ಇನ್ನೂ ಕೆಲವರು ತಿರುಗಿಸುತ್ತಾರೆ... ಆದರೂ ಇವರು ಮರುದಿನ ಮತ್ತೆ ಹೋಗಿ ನಿಲ್ಲುತ್ತಾರೆ.

*ನಾಯಕನ ಅಭ್ಯಾಸ ಅವನೊಬ್ಬನದಾಗಿ ಉಳಿಯುವುದಿಲ್ಲ... ಅವನಿಗೆ ಜನ ತೀರಾ ಬೇಕಾದ ದಿನ, ಅದೇ ಉತ್ತರವಾಗಿ ತಿರುಗಿ ಬರುತ್ತದೆ.*

ಇವತ್ತು ಬೆಳಗ್ಗೆಯಿಂದ ನೀವು ಒತ್ತಿದ ಹೆಬ್ಬೆರಳುಗಳಲ್ಲಿ... ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕಾಗಿದ್ದದ್ದು ಯಾವುದು?