ನಿದ್ದೆ ಬರಿಸುವ ಬೆಂಕಿ

"ನಿಮ್ಮ ಲೇಖನದಲ್ಲಿ ಹುಡುಕಿದ್ರೂ ಒಂದು ತಪ್ಪು ಸಿಗಲಿಲ್ಲ," ಎಂದರು ವಾರಪತ್ರಿಕೆಯ ಸಂಪಾದಕರು, ಫೋನಿನಲ್ಲಿ. ಹೊಗಳಿಕೆ ಇಷ್ಟು ಚಿಕ್ಕದಾಗಿ ಬಂದರೆ ಅದರ ಹಿಂದೆ ಏನೋ ಇದೆಯೆಂದು ಲೇಖಕಿಗೆ ಅನುಭವದಿಂದ ಗೊತ್ತಿತ್ತು. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಿವಿಗೂ ಭುಜಕ್ಕೂ ನಡುವೆ ಫೋನು, ಬಲಗಾಲು ತೊಟ್ಟಿಲ ಮೇಲೆ. ಮನೆಯವರೆಲ್ಲ 'ಸಾಹೇಬ್ರು' ಎಂದು ಕರೆಯುವ ಕೂಸು ಅದರೊಳಗೆ ಗಾಢ ನಿದ್ದೆಯಲ್ಲಿತ್ತು. ಅವಳು ತೂಗುವುದನ್ನು ನಿಲ್ಲಿಸದೆ, "ಆದ್ರೆ?" ಎಂದಳು.

"ಆದ್ರೆ ಏನು ಹೇಳ್ಲಮ್ಮ, ಮನೆಗೆ ಬೆಂಕಿ ಬಿದ್ರೆ ಏನ್ ಮಾಡ್ಬೇಕು ಅಂತ ಬರೆದಿದ್ದೀರಿ. ಬೆಂಕಿ ಅಂದ್ರೆ ಓದೋನು ಎದ್ದು ಕೂರ್ಬೇಕು. ಇದನ್ನ ಓದಿದ್ರೆ ದಿಂಬು ಹುಡುಕ್ತಾನೆ. ನಾನೇ ಎರಡು ಸಲ ಆಕಳಿಸ್ದೆ."

ಸಂಜೆಯೊಳಗೆ ತಿದ್ದಿ ಕಳಿಸಿದರೆ ಸರಿ, ಇಲ್ಲದಿದ್ದರೆ ಮೊದಲು ಅವಳು ವಾರವಾರ ಬರೆಯುತ್ತಿದ್ದ ಪುಟವನ್ನು ಈಗ ಬರೆಯುತ್ತಿರುವವರೇ ಮುಂದುವರಿಸಲಿ ಎಂದು ಮೆತ್ತಗೆ ಹೇಳಿ ಅವರು ಫೋನಿಟ್ಟರು. ಮನುಷ್ಯ ಕೆಟ್ಟವರಲ್ಲ. ಹೆರಿಗೆಗೆ ಮುಂಚೆ ಐದಾರು ವರ್ಷ ಆ ಪುಟವನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು, ಮಗುವಾದಾಗ ತಾವಾಗಿಯೇ ಫೋನು ಮಾಡಿ ವಿಚಾರಿಸಿದ್ದರು. ಆದರೆ ವಾರಪತ್ರಿಕೆ ಯಾರ ಬಾಣಂತನವನ್ನೂ ಕಾಯುತ್ತ ಕೂರುವುದಿಲ್ಲ. ಮಗು ಹುಟ್ಟಿದ ಮೇಲೆ ಅವಳು ಬರೆದ ಮೊದಲ ಲೇಖನ ಇದು. ಆ ಪುಟ ಕೈತಪ್ಪಿದರೆ, ತಾನೊಬ್ಬ ಬರೆಯುವವಳು ಎಂದು ಹೇಳಿಕೊಳ್ಳಲು ಅವಳಿಗೆ ಬೇರೇನೂ ಉಳಿಯುತ್ತಿರಲಿಲ್ಲ. ಫೋನನ್ನು ಪಕ್ಕಕ್ಕಿಟ್ಟಳು. ಕಾಲು ಮಾತ್ರ ತನ್ನ ಪಾಡಿಗೆ ತಾನು ತೂಗುತ್ತಲೇ ಇತ್ತು.

ಒಣಗಿದ ಬಟ್ಟೆಗಳ ರಾಶಿ ಹೊತ್ತು ಬಂದ ಅತ್ತೆ, ಸೊಸೆಯ ಮುಖ ನೋಡಿ ಅಲ್ಲೇ ಕುಳಿತರು. ಕೈಯಲ್ಲಿ ಕೆಲಸವಿಲ್ಲದೆ ಮಾತು ಕೇಳಿ ಅವರಿಗೆ ಅಭ್ಯಾಸವಿಲ್ಲ. ಮೊಮ್ಮಗನ ಅಂಗೈಯಗಲದ ಅಂಗಿಗಳನ್ನು ಮಡಚುತ್ತಲೇ ವಿಷಯವನ್ನೆಲ್ಲ ಕೇಳಿಸಿಕೊಂಡರು. ಹೇಳುತ್ತ ಹೇಳುತ್ತ ಸೊಸೆ ಅತ್ತೇಬಿಟ್ಟಳು.

"ಒಂದೊಂದು ಸಾಲನ್ನೂ ಜೋರಾಗಿ ಓದಿ ಓದಿ ತಿದ್ದಿದ್ದೆ ಅತ್ತೆ. ಎಲ್ಲೂ ಕಲ್ಲು ಸಿಗಬಾರ್ದು ಅಂತ."

"ನಾನೂ ಅಡುಗೆಮನೆಯಿಂದ ಕೇಳ್ತಿದ್ದೆನಲ್ಲ. ಚೆನ್ನಾಗೇ ಇತ್ತು," ಎಂದರು ಅತ್ತೆ. "ಸಿಲಿಂಡರ್ ಸಿಡಿದು ಕಿಟಕಿ ಕಿತ್ಕೊಂಡು ಹೋಗಿ ಬೀದಿಗೆ ಬಿತ್ತು ಅಂತ ಇತ್ತಲ್ಲ, ಅದನ್ನೂ ಓದಿದ್ರಂತಾ ಅವ್ರು?"

"ಅದನ್ನ ತೆಗೆದುಹಾಕ್ದೆ. ಓದಿದ ತಕ್ಷಣ ಇವನು ಬೆಚ್ಚಿಬಿದ್ದ."

"ಮತ್ತೆ ಆ ಅಗ್ನಿಶಾಮಕದವನು ಬಾಗಿಲು ಒಡೆದು ಕೂಗಿದ್ದು?"

"ಅದಕ್ಕಂತೂ ಎದ್ದೇಬಿಟ್ಟ. ಅದನ್ನೂ ನಾನು..." ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

ಹಿಂದಿನ ದಿನ ತಿದ್ದಿದ ಹಾಳೆಗಳು ತೊಟ್ಟಿಲ ಪಕ್ಕದಲ್ಲೇ ಬಿದ್ದಿದ್ದವು. ಎತ್ತಿಕೊಂಡು ನೋಡಿದಳು. ಪೆನ್ನಿನಿಂದ ಹೊಡೆದುಹಾಕಿದ ಸಾಲುಗಳ ಜಾತಕವೆಲ್ಲ ನೆನಪಿಗೆ ಬಂತು: ಇದಕ್ಕೆ ಕೈಕಾಲು ಒದರಿದ್ದ, ಇದಕ್ಕೆ ತುಟಿ ಸೊಟ್ಟ ಮಾಡಿದ್ದ, ಇದಕ್ಕೆ ಒಂದು ಕಣ್ಣು ತೆರೆದು ನೋಡಿದ್ದ. ಮೊದಮೊದಲು, ಮಗು ಎದ್ದರೆ ಕೆಲಸ ಕೆಡುತ್ತದೆಂದು ತೆಗೆದಿದ್ದಳು. ಆಮೇಲಾಮೇಲೆ, ಮಗು ಮಿಸುಕಾಡದ ಸಾಲೇ ನಯವಾದ ಸಾಲು ಎಂದು ನಂಬಿಬಿಟ್ಟಿದ್ದಳು. ಬೆಂಕಿಯನ್ನೆಲ್ಲ ಆರಿಸಿ, ಬೂದಿಯನ್ನು ಅಂದವಾಗಿ ಜೋಡಿಸಿ ಕಳಿಸಿದ್ದಳು. ಇಷ್ಟು ಬರೆದು ಪಳಗಿದವಳಿಗೆ ಇದು ಹೊಳೆಯಲಿಲ್ಲವೇ ಎಂದು ಯಾರಾದರೂ ನಗಬಹುದು. ತಿಂಗಳುಗಟ್ಟಲೆ ನಿದ್ದೆಗೆಟ್ಟವರು ನಗುವುದಿಲ್ಲ.

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತಳು. ಇವನನ್ನು ಒಳಗೆ ಮಲಗಿಸುತ್ತೇನೆ, ನೀನು ನಿಶ್ಚಿಂತೆಯಾಗಿ ಬರೆ ಎಂದು ಅತ್ತೆ ತೊಟ್ಟಿಲಿಗೆ ಕೈಹಾಕಿದರು.

"ಬೇಡ ಅತ್ತೆ, ಇಲ್ಲೇ ಇರ್ಲಿ. ಇವನಿಂದ ಕೆಲಸ ಆಗ್ಬೇಕು."

ಅತ್ತೆ ಅರ್ಥವಾಗದೆ ಅಡುಗೆಮನೆಗೆ ಹೋದರು. ಅವಳು ಹೊಸದಾಗಿ ಶುರುಮಾಡಿದಳು. ಮನೆಗಳಲ್ಲಿ ಅಗ್ನಿ ಅನಾಹುತಗಳು ಸಾಮಾನ್ಯವಾಗಿ ನಿರ್ಲಕ್ಷ್ಯದಿಂದ ಸಂಭವಿಸುತ್ತವೆ ಎಂದು ಬರೆದು, ಜೋರಾಗಿ ಓದಿದಳು. ತೊಟ್ಟಿಲಿನಿಂದ ಸಣ್ಣ ಗೊರಕೆ. ಆ ಸಾಲನ್ನು ಅಳಿಸಿದಳು. ಇನ್ನೊಂದನ್ನು ಓದಿದಳು. ಸಾಹೇಬರು ನಿದ್ದೆಯಲ್ಲೇ ನಕ್ಕರು. ಅದೂ ಹೋಯಿತು. ಕೊನೆಗೆ, ಲೇಖನಕ್ಕೆಂದು ವಿಚಾರಿಸಿದಾಗ ಅಗ್ನಿಶಾಮಕದವನು ತನಗೆ ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆದು, ಅವನ ದನಿಯಲ್ಲೇ ಓದಿದಳು.

"ಏಳಿ. ಒಳಗೆ ಹೊಗೆ ತುಂಬ್ತಿದೆ. ಬಾಗಿಲು ಮುಟ್ಟಿ ನೋಡಿ, ಬಿಸಿ ಇದ್ರೆ ತೆಗೀಬೇಡಿ."

ತೊಟ್ಟಿಲಿನಿಂದ ಎರಡು ಪುಟ್ಟ ಮುಷ್ಟಿಗಳು ಮೇಲೆದ್ದವು. ಮರುಕ್ಷಣವೇ ಸೂರು ಹಾರಿಹೋಗುವ ಹಾಗೆ ಅಳು. ಅತ್ತೆ ಒದ್ದೆ ಕೈಯಲ್ಲೇ ಓಡಿಬಂದು, ಏನಾಯಿತೆಂದು ಕೇಳಿದರು.

"ಮೊದಲ್ನೇ ಸಾಲು ಸರಿಹೋಯ್ತು ಅತ್ತೆ," ಎಂದಳು ಸೊಸೆ, ಪರದೆಯಿಂದ ಕಣ್ಣು ತೆಗೆಯದೆ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

ಅತ್ತೆಗೆ ಈಗ ಅರ್ಥವಾಯಿತು. ಮೊಮ್ಮಗನನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದರು. ಗಡಿಯಾರದತ್ತ ಒಮ್ಮೆ ನೋಡಿದರು. ಆಮೇಲೆ ಇನ್ನೊಂದು ಕೈ ಚಾಚಿದರು.

"ಎರಡನೇ ಸಾಲಿಗೆ ಇವನು ಮತ್ತೆ ಮಲಗಿರ್ಬೇಕಲ್ಲ. ಆ ಹಳೇ ಲೇಖನ ಕೊಡು ಇಲ್ಲಿ."