ಚಿಲ್ಲರೆ ಫೈಲು

ಐವತ್ತು ದಾಟಿದವರು ಎಡಗಿವಿಯ ಹಿಂದಿನ ಹಳೇ ಡಿಸ್ಕಿನಲ್ಲಿರುವ ನೆನಪುಗಳನ್ನು ಬಲಗಿವಿಯ ಹಿಂದಿನ ಹೊಸ ಡಿಸ್ಕಿಗೆ ಸಾಗಿಸಿಕೊಳ್ಳುವುದು ಹುಬ್ಬಳ್ಳಿಯಲ್ಲಿ ಈಗ ಕ್ಷೌರದಷ್ಟೇ ಮಾಮೂಲು. ಗಂಡನನ್ನು ಅಂಥದೊಂದು ಡಿಸ್ಕಿನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ನೀಲವ್ವ ಚಡಪಡಿಸುತ್ತಿದ್ದಳು. ತಂಗಿಯ ಬಸುರಿ ಮಗಳ ಕುಬಸದ ಊಟ ತಪ್ಪುವುದರಲ್ಲಿತ್ತು.

“ಮದುವಿ, ಮನಿ ಕಟ್ಟಿಸಿದ್ದು, ಇಂಥಾ ದೊಡ್ಡ ಫೈಲು ಲಗೂನ ಹೋಗ್ತಾವ್ರಿ,” ಎಂದಳು ಅಂಗಡಿಯ ಫರ್ಜಾನಾ. “ದಿನಾ ಮನ್ಯಾಗಿನವರ ಮಾರಿ ನೋಡೂದು, ಕರಿಯೂದು, ಬೈಯೂದು, ಈ ಚಿಲ್ಲರೆ ಫೈಲಿಂದನ ತಡಾ. ಬಿಟ್ಟಬಿಡ್ಲೇನ್ರಿ?”

“ಬಿಡವಾ, ಅವನ್ನ ತಗೊಂಡು ಏನ್ ಮಾಡೂದೈತಿ!”

ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯಿತು. ಫರ್ಜಾನಾ ಹಳೇ ಡಿಸ್ಕನ್ನು ಅಳಿಸಿದಳು. ಮದುವೆಯಾದಾಗಿನಿಂದ ನೀಲವ್ವನನ್ನು ‘ಏ, ಬಾ ಇಲ್ಲೆ’ ಎಂದೇ ಕರೆದಿದ್ದ ಗಂಡ ಎದ್ದು, ಕೈಮುಗಿದು, ಕುರ್ಚಿ ತೋರಿಸಿದ.

“ಬರ್ರಿ ಅಕ್ಕಾರ, ಕೂಡ್ರಿ. ಇನ್ನ ನಿಮ್ಮ ಪಾಳಿ.”